ಗುಹೆಯೊಳಗಿನ ಗಾಳಿ

ಕೇಳುಗರಿಗೆ ನಮಸ್ಕಾರ. ಶನಿವಾರ ರಾತ್ರಿ ಬೆಂಗಳೂರಿನಿಂದ ವ್ಯಾನ್ ಹತ್ತಿ ಕೋಲಾರದ ಅಂತರಗಂಗೆಗೆ ಹೊರಡುವ ಯುವಕ ಯುವತಿಯರಿಗೇನೂ ಕೊರತೆಯಿಲ್ಲ. ಹಣೆಗೆ ಟಾರ್ಚ್ ಕಟ್ಟಿಕೊಂಡು ಬಂಡೆಗಳ ಸಂದಿಯಲ್ಲಿ ನುಸುಳುವುದರಲ್ಲಿ ಅವರಿಗೊಂದು ಖುಷಿ. ಆ ರುಚಿ ಹತ್ತಿದವರು ಆಂಧ್ರದ ಬೆಲಂ ಗುಹೆಯವರೆಗೂ ಹೋಗುತ್ತಾರೆ. ಹಾವು, ಬಾವಲಿ, ಕಾಲು ಜಾರುವ ಕಲ್ಲು, ಎಲ್ಲವನ್ನೂ ವಿಚಾರಿಸಿಕೊಂಡೇ ಹೊರಡುತ್ತಾರೆ. ಗಾಳಿಯ ವಿಚಾರ ಮಾತ್ರ ಯಾರ ತಲೆಗೂ ಹೊಳೆಯುವುದಿಲ್ಲ.

ಕಲ್ಲಿನಲ್ಲಿರುವ ಯುರೇನಿಯಂ ವಿಕಿರಣ ಸೂಸುತ್ತಾ ಕ್ಷಯಿಸಿ ಕ್ರಮೇಣ ರೇಡಿಯಂ ಆಗುತ್ತದೆ, ರೇಡಿಯಂನಿಂದ ರೇಡಾನ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬಯಲಿನಲ್ಲಿ ಚದುರಿಹೋಗುವ ಈ ಅನಿಲ, ಗಾಳಿಯಾಡದ ಗುಹೆಯಲ್ಲಿ ಶೇಖರವಾಗುತ್ತದೆ. ಒಂದು ಸೆಕೆಂಡಿಗೆ ಒಂದು ಪರಮಾಣು ಕ್ಷಯಿಸಿದರೆ ಅದು ಒಂದು ಬೆಕೆರೆಲ್. ಹೊರಗಿನ ಗಾಳಿಯಲ್ಲಿ ಘನ ಮೀಟರಿಗೆ 5ರಿಂದ 15 ಬೆಕೆರೆಲ್ ಸಾಮಾನ್ಯ. ಮನೆಯೊಳಗೆ 100ನ್ನು ದಾಟದಿದ್ದರೆ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿ ಜೈಂಟ್ಸ್ ಹೋಲ್ ಎಂಬ ಸುಣ್ಣಕಲ್ಲಿನ ಗುಹೆಯಿದೆ. ಅಲ್ಲಿ ಒಂದೂವರೆ ಲಕ್ಷ ಬೆಕೆರೆಲ್ ಮೀರಿದ ಅಳತೆ ದಾಖಲಾಗಿದೆ. ಅಂತರಗಂಗೆಯನ್ನು ಅದರ ಜೊತೆ ಹೋಲಿಸಿ ಹೆದರಬೇಕಾಗಿಲ್ಲ. ಅಲ್ಲಿರುವುದು ಒಂದರ ಮೇಲೊಂದು ಬಿದ್ದ ಬಂಡೆಗಳು, ಸಂದುಗೊಂದುಗಳಲ್ಲೆಲ್ಲ ಗಾಳಿ ಹಾಯುತ್ತದೆ. ಒಂದೇ ಬಾಯಿಯಿದ್ದು ಆಳಕ್ಕಿಳಿಯುವ ಗುಹೆಯ ಕಥೆಯೇ ಬೇರೆ: ಬೇಸಿಗೆಯಲ್ಲಿ ತಳದ ತಣ್ಣನೆಯ ಗಾಳಿ ಭಾರವಾಗಿ ಅಲ್ಲೇ ಕೂತುಬಿಡುತ್ತದೆ, ರೇಡಾನ್ ಏರುತ್ತದೆ.

ಗುಹೆಯಲ್ಲಿ ಉಸಿರು ಕಟ್ಟಿದಂತಾದರೆ, ತಲೆ ನೋವು ಬಂದರೆ, ಅದು ರೇಡಾನ್‌ನ ಕೆಲಸವಲ್ಲ. ಇಂಗಾಲದ ಡೈಆಕ್ಸೈಡ್ ಇರಬಹುದು, ಸೆಕೆ ಇರಬಹುದು. ಕೂಡಲೇ ಹೊರಗೆ ಬನ್ನಿ. ರೇಡಾನ್ ಯಾವ ಸುಳಿವನ್ನೂ ಕೊಡುವುದಿಲ್ಲ. ಅದರಿಂದ ಹುಟ್ಟುವ ಪೊಲೋನಿಯಂ ಕಣಗಳು ದೂಳಿಗೆ ಅಂಟಿಕೊಂಡು ಶ್ವಾಸಕೋಶ ಸೇರುತ್ತವೆ, ಅಲ್ಲಿ ಆಲ್ಫಾ ಕಣಗಳೆಂಬ ವಿಕಿರಣವನ್ನು ಹೊಮ್ಮಿಸಿ ಜೀವಕೋಶಗಳನ್ನು ಕೆಡಿಸುತ್ತವೆ. ಪರಿಣಾಮ ಕ್ಯಾನ್ಸರ್ ಆಗಿ ಕಾಣಿಸಿಕೊಳ್ಳುವುದು ಎಷ್ಟೋ ವರ್ಷಗಳ ಮೇಲೆ. 1988ರಲ್ಲಿಯೇ ರೇಡಾನ್ ಮನುಷ್ಯರಿಗೆ ಕ್ಯಾನ್ಸರ್‌ಕಾರಕವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಘೋಷಿಸಿತು.

ಹಾಗಾದರೆ ಭಯ ಯಾರಿಗೆ? ಲೆಕ್ಕ ಹಾಕೋಣ. ಗುಹೆಯಲ್ಲಿ 5,000 ಬೆಕೆರೆಲ್ ಇದೆಯೆಂದು ಇಟ್ಟುಕೊಳ್ಳಿ. ತಿಂಗಳಿಗೊಮ್ಮೆ ನಾಲ್ಕು ಗಂಟೆ ಒಳಗಿರುವ ಹವ್ಯಾಸಿಗೆ, 40 ಬೆಕೆರೆಲ್ ಇರುವ ಸಾಧಾರಣ ಮನೆಯಲ್ಲಿ ವರ್ಷವಿಡೀ ಸಿಗುವಷ್ಟು ರೇಡಾನ್ ಹೆಚ್ಚುವರಿಯಾಗಿ ಸಿಗುತ್ತದೆ, ಹೆಚ್ಚುಕಡಿಮೆ. ದಿನಕ್ಕೆ ಐದು ಗಂಟೆಯಂತೆ ವರ್ಷಕ್ಕೆ 250 ದಿನ ಪ್ರವಾಸಿಗರನ್ನು ಕರೆದೊಯ್ಯುವ ಮಾರ್ಗದರ್ಶಿಗೆ? ಇಪ್ಪತ್ತು ಪಟ್ಟಿಗೂ ಮಿಗಿಲು. ನಾವು ಫೋಟೋ ತೆಗೆದುಕೊಂಡು ಮರಳುತ್ತೇವೆ, ಆತ ಮರುದಿನವೂ ಅಲ್ಲೇ ಇರುತ್ತಾನೆ.

ಅಳೆಯುವುದು ದುಬಾರಿಯೇನಲ್ಲ. ಅಂಗೈಯಲ್ಲಿ ಹಿಡಿಸುವ ಡಬ್ಬಿಯೊಳಗೆ ಉಗುರಿನಷ್ಟು ಪ್ಲಾಸ್ಟಿಕ್ ತುಣುಕು. ಆಲ್ಫಾ ಕಣ ಬಡಿದಲ್ಲೆಲ್ಲ ಸೂಕ್ಷ್ಮ ಗಾಯ ಮೂಡುತ್ತದೆ. ಮೂರು ತಿಂಗಳು ಗುಹೆಯಲ್ಲಿ ತೂಗುಹಾಕಿ, ಆಮೇಲೆ ಕ್ಷಾರದಲ್ಲಿ ತೊಳೆದು, ಸೂಕ್ಷ್ಮದರ್ಶಕದಲ್ಲಿ ಗುಳಿಗಳನ್ನು ಎಣಿಸಿದರೆ ಸರಾಸರಿ ಸಿಗುತ್ತದೆ. ಟಿಕೆಟ್ ಮಾರುವ ಗುಹೆಗಳಲ್ಲಿ ಇದನ್ನು ಇಡಿಸುವುದು, ಮಾರ್ಗದರ್ಶಿಗಳ ಪಾಳಿ ಬದಲಿಸುವುದು ಟಿಕೆಟ್ ಹಣ ಪಡೆಯುವವರ ಹೊಣೆ.

ಇನ್ನು ಸಿಗರೇಟು. ರೇಡಾನ್‌ನಿಂದ ಶ್ವಾಸಕೋಶದ ಕ್ಯಾನ್ಸರ್ ಬರುವ ಅಪಾಯ, ಸೇದದವರಿಗಿಂತ ಸೇದುವವರಿಗೆ ಸುಮಾರು 25 ಪಟ್ಟು ಹೆಚ್ಚು ಎಂಬ ಅಂದಾಜಿದೆ. ಗುಹೆಯೊಳಗೆ ಕೂತು ಬೀಡಿ ಹಚ್ಚುವವರಿಗೆ ನಾನು ಬೇರೆ ಹೇಳಬೇಕಾದದ್ದೇನೂ ಇಲ್ಲ. ನಮಸ್ಕಾರ.