ಮಂಗನ ಕಾಯಿಲೆಯನ್ನು ಮೂರು ನೋಟ್‌ಬುಕ್ಕಿಗೆ ಹಂಚಬೇಡಿ

ನಮಸ್ಕಾರ. ಐಎಎಸ್, ಕೆಎಎಸ್ ಅಂತ ಓದಲು ಕೂತವರ ಮೇಜಿನ ಮೇಲೆ ಸಾಮಾನ್ಯವಾಗಿ ಮೂರು ನೋಟ್‌ಬುಕ್ ಇರುತ್ತವೆ. ಆರೋಗ್ಯಕ್ಕೊಂದು, ಪರಿಸರಕ್ಕೊಂದು, ವಿಜ್ಞಾನ-ತಂತ್ರಜ್ಞಾನಕ್ಕೆ ಇನ್ನೊಂದು. ಪೇಪರಿನಲ್ಲಿ ಮಂಗನ ಕಾಯಿಲೆಯ ಸುದ್ದಿ ಬಂತು ಅನ್ನಿ, ಆರೋಗ್ಯದ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬೀಳುತ್ತದೆ: 'ಕೆಎಫ್‌ಡಿ (ಕ್ಯಾಸನೂರು ಫಾರೆಸ್ಟ್ ಡಿಸೀಸ್), ವೈರಸ್, ಉಣ್ಣಿಯಿಂದ ಹರಡುತ್ತದೆ, ಪಶ್ಚಿಮ ಘಟ್ಟ.' ಅಲ್ಲಿಗೆ ಮುಗೀತು. ಈ ಸಾಲು ಸರಿ ಉತ್ತರ ಆರಿಸುವ ಪ್ರಿಲಿಮ್ಸಿಗೇ ಸಾಲದು, ವಿವರವಾಗಿ ಬರೆಯುವ ಮೇನ್ಸಿಗಂತೂ ಉಪಯೋಗಕ್ಕೇ ಬರೋದಿಲ್ಲ. ಕಾಡು, ದನ, ಲ್ಯಾಬು, ಲಸಿಕೆ ಇಷ್ಟನ್ನೂ ಒಂದೇ ಹಾಳೆಯಲ್ಲಿ ಬರೆದರೆ ಮಾತ್ರ ಈ ಕಾಯಿಲೆ ಅರ್ಥವಾಗುತ್ತದೆ.

ಶುರುವಿನಿಂದ ನೋಡೋಣ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು, ಸುತ್ತಲಿನ ಊರುಗಳಲ್ಲಿ ಜನ ಜ್ವರ ಬಿದ್ದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರ, ಅಂದರೆ ಇವತ್ತಿನ ರಾಷ್ಟ್ರೀಯ ವೈರಾಣು ಸಂಸ್ಥೆ (ಎನ್‌ಐವಿ), ಹೊಸ ವೈರಸ್ಸನ್ನು ಗುರುತಿಸಿತು. ಇದು ಫ್ಲೇವಿವೈರಸ್. ಡೆಂಗಿಯದ್ದೇ ಕುಲ, ಆದರೆ ಹರಡೋದು ಸೊಳ್ಳೆಯಲ್ಲ, ಹೀಮಾಫೈಸಾಲಿಸ್ ಸ್ಪಿನಿಜೆರಾ ಅನ್ನೋ ಉಣ್ಣಿ. ಮಲೆನಾಡಿನವರು ಉಣುಗು ಅಂತಾರೆ.

ಉಣುಗಿನ ಜೀವನಚಕ್ರ ಗೊತ್ತಿದ್ದರೆ ಅರ್ಧ ಉತ್ತರ ಕೈಗೆ ಸಿಕ್ಕ ಹಾಗೆ. ಮೊಟ್ಟೆಯಿಂದ ಲಾರ್ವಾ, ಲಾರ್ವಾದಿಂದ ನಿಂಫ್, ಆಮೇಲೆ ಪ್ರೌಢ ಉಣುಗು. ಪ್ರತಿ ಹಂತದಲ್ಲೂ ಒಂದೊಂದು ಪ್ರಾಣಿಯ ರಕ್ತ ಹೀರಿ ಕೆಳಗೆ ಬೀಳುತ್ತದೆ. ಪ್ರೌಢ ಉಣುಗು ಮಳೆಗಾಲದಲ್ಲಿ ಹೆಚ್ಚಾಗಿ ದನಗಳಿಗೆ ಹತ್ತುತ್ತದೆ. ಮನುಷ್ಯನಿಗೆ ಕಚ್ಚೋದು ನಿಂಫ್. ಎಳ್ಳಿಗಿಂತ ಚಿಕ್ಕದು, ಕಚ್ಚಿದ್ದೂ ಎಷ್ಟೋ ಸಲ ಗೊತ್ತಾಗೋದಿಲ್ಲ. ನವೆಂಬರ್‌ನಿಂದ ಮೇವರೆಗೆ ಅದರ ಕಾಲ, ಆದ್ದರಿಂದಲೇ ಕಾಯಿಲೆಯದ್ದೂ ಅದೇ ಕಾಲ. ಅದೇ ತಿಂಗಳುಗಳಲ್ಲಿ ಜನ ಸೊಪ್ಪಿನ ಬೆಟ್ಟಕ್ಕೆ (ತೋಟಕ್ಕೆ ಸೊಪ್ಪು ತರುವ ಕಾಡಿಗೆ), ಕಾಡಿಗೆ ಹೋಗಿ ಕೊಟ್ಟಿಗೆಗೆ ಹಾಸಲು ತರಗೆಲೆ ಗುಡಿಸಿ ಹೊರೆ ಕಟ್ಟಿ ತರುತ್ತಾರೆ. ಆ ತರಗೆಲೆಯ ಜೊತೆಗೇ ಉಣುಗು ಮನೆ ಅಂಗಳಕ್ಕೆ ಬರುತ್ತದೆ.

ಪ್ರಿಲಿಮ್ಸ್‌ನಲ್ಲಿ ಕಾಲು ಜಾರೋದು ದನ ಮತ್ತು ಮಂಗಗಳ ವಿಷಯದಲ್ಲಿ. ದನ ಉಣುಗನ್ನು ಸಾಕುತ್ತದೆ, ಉಣುಗಿನ ಸಂಖ್ಯೆ ಏರೋದು ದನದಿಂದ. ಆದರೆ ವೈರಸ್ಸನ್ನು ಉಳಿಸಿಕೊಳ್ಳೋದರಲ್ಲಿ ದನಕ್ಕೆ ದೊಡ್ಡ ಪಾತ್ರವಿಲ್ಲ. ವೈರಸ್ ಹೆಚ್ಚಿಸೋದು ಮಂಗ: ಕಪ್ಪು ಮುಖದ ಮುಸುವ ಮತ್ತು ಸಾಮಾನ್ಯ ಕೋತಿ. ಇಲಿ, ಮೂಗಿಲಿಯಂಥ ಸಣ್ಣ ಪ್ರಾಣಿಗಳೂ ಈ ಚಕ್ರದಲ್ಲಿವೆ. ಸೋಂಕಿತ ಮಂಗ ಸತ್ತು ಮೈ ತಣ್ಣಗಾದ ಕೂಡಲೇ ಅದಕ್ಕೆ ಹತ್ತಿದ್ದ ಉಣುಗುಗಳೆಲ್ಲ ಕೆಳಗುದುರುತ್ತವೆ. ಸತ್ತ ಮಂಗದ ಸುತ್ತಲಿನ ನೆಲವನ್ನು ಹಾಟ್‌ಸ್ಪಾಟ್ ಅನ್ನೋದು, ಅಲ್ಲಿ ಮೆಲಾಥಿಯಾನ್ ಅನ್ನೋ ಕೀಟನಾಶಕದ ಪುಡಿ ಹಾಕೋದು ಇದೇ ಕಾರಣಕ್ಕೆ. ಇನ್ನು, ಮನುಷ್ಯನಿಂದ ಮನುಷ್ಯನಿಗೆ ಇದು ಹರಡೋದಿಲ್ಲ. 'ಹರಡುತ್ತದೆ' ಅನ್ನೋ ಹೇಳಿಕೆ ಕಂಡರೆ ಯೋಚನೆ ಮಾಡದೆ ಹೊಡೆದುಹಾಕಿ.

ಈಗ ಪರಿಸರ. 'ಅರಣ್ಯನಾಶದಿಂದ ಕೆಎಫ್‌ಡಿ ಹೆಚ್ಚಿತು' ಅಂತ ಬರೆದವರಿಗೆ ಅರ್ಧ ಅಂಕವೂ ಕೊಡಬಾರದು ಅನ್ನಿಸುತ್ತದೆ. ಸುಳ್ಳು ಅಂತಲ್ಲ, ಅರೆಬೆಂದ ಮಾತು. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ಕಡೆ ಗೇರು ತೋಟಕ್ಕೆ ಕಾಡು ಕಡಿದ ಮೇಲೆ ಕಾಯಿಲೆ ಜೋರಾಗಿ ಕಾಣಿಸಿಕೊಂಡಿದ್ದು ನಿಜ. ಆದರೆ ಕಾಡು ಪೂರ್ತಿ ಇಲ್ಲವಾದರೆ ಮಂಗವೂ ಇರೋದಿಲ್ಲ, ತರಗೆಲೆಯೂ ಇರೋದಿಲ್ಲ. ಅಪಾಯ ಹೆಚ್ಚೋದು ಕಾಡು, ತೋಟ, ಗದ್ದೆ, ಮನೆ ಒಂದರೊಳಗೊಂದು ಹೆಣೆದುಕೊಂಡ ಜಾಗದಲ್ಲಿ. ಬ್ರಿಟನ್ನಿನ ಸಂಶೋಧಕರು ಮತ್ತು ಬೆಂಗಳೂರಿನ ಸಂಸ್ಥೆಗಳು ಸೇರಿ ನಡೆಸಿದ ಮಂಕಿಫೀವರ್‌ರಿಸ್ಕ್ ಯೋಜನೆಯ ಅಪಾಯ ನಕ್ಷೆಗಳೂ ಇದನ್ನೇ ಹೇಳಿದವು: ತೇವದ ನಿತ್ಯಹರಿದ್ವರ್ಣ ಕಾಡು ಮತ್ತು ತೋಟಗಳು ಬೆರೆತ ಕಡೆ ಅಪಾಯ ಹೆಚ್ಚು. ಮೇನ್ಸಿನಲ್ಲಿ ಕಾಯಿಲೆ ಶಿವಮೊಗ್ಗದಾಚೆ ಕಾಣಿಸಿಕೊಂಡ ಜಾಗಗಳ ಒಂದು ಸಣ್ಣ ನಕ್ಷೆ ಬಿಡಿಸಿ. 2012ರಲ್ಲಿ ಬಂಡೀಪುರ, ಆಮೇಲೆ ವಯನಾಡು, ನೀಲಗಿರಿ, ಗೋವಾದ ಸತ್ತರಿ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ. ಘಟ್ಟದ ಉದ್ದಕ್ಕೂ ಐದು ರಾಜ್ಯ.

ಲಕ್ಷಣ ಬೇಗ ಹೇಳಿಬಿಡ್ತೀನಿ. ಕಚ್ಚಿದ 3ರಿಂದ 8 ದಿನಕ್ಕೆ ದಿಢೀರ್ ಜ್ವರ, ತಲೆನೋವು, ವಿಪರೀತ ಮೈಕೈ ನೋವು, ಕೆಲವರಲ್ಲಿ ರಕ್ತಸ್ರಾವ. ಶೇ 10ರಿಂದ 20ರಷ್ಟು ರೋಗಿಗಳಲ್ಲಿ ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಮತ್ತೆ ಮರುಕಳಿಸಿ ಮಿದುಳಿಗೆ ತೊಂದರೆ ಕೊಡುತ್ತದೆ. ಸಾವಿನ ಪ್ರಮಾಣ ಶೇ 3ರಿಂದ 5. ನಿರ್ದಿಷ್ಟ ಔಷಧಿ ಇಲ್ಲ. ಪ್ಲೇಟ್‌ಲೆಟ್ ಇಳಿಯೋದರಿಂದ ಡೆಂಗಿ ಅಂದುಕೊಳ್ಳೋದು ಸುಲಭ. ಮೊದಲ ದಿನಗಳಲ್ಲಿ ವೈರಸ್ಸನ್ನೇ ಹುಡುಕುವ ಆರ್‌ಟಿ-ಪಿಸಿಆರ್‌ನಲ್ಲಿ ಸಿಗುತ್ತದೆ, ನಂತರ ದೇಹ ತಯಾರಿಸಿದ ಪ್ರತಿಕಾಯ ಹುಡುಕುವ ಐಜಿಎಂ ಎಲೈಸಾದಲ್ಲಿ. ಎರಡನೇ ವಾರದಲ್ಲಿ ಬರೀ ಪಿಸಿಆರ್ ಮಾಡಿ 'ನೆಗೆಟಿವ್' ಅಂದರೆ ತಪ್ಪಿಹೋಗುತ್ತದೆ. ಚಿಪ್ ಹಾಕಿ ನಡೆಸುವ ಟ್ರೂನ್ಯಾಟ್ ಅನ್ನೋ ಸಣ್ಣ ಪಿಸಿಆರ್ ಯಂತ್ರಕ್ಕೂ ಈಗ ಕೆಎಫ್‌ಡಿ ಪರೀಕ್ಷೆ ಬಂದಿದೆ. ಸ್ಯಾಂಪಲ್ಲು ದೂರದ ಊರಿಗೆ ಹೋಗಿ ಬರುವ ದಿನಗಳು ಉಳಿಯುತ್ತವೆ.

ನನಗೆ ಸಿಟ್ಟು ಬರೋದು ಲಸಿಕೆ ವಿಷಯದಲ್ಲಿ. ಹಳೇ ಲಸಿಕೆಯಲ್ಲಿದ್ದದ್ದು ಕೋಳಿ ಭ್ರೂಣದ ಕೋಶಗಳಲ್ಲಿ ಬೆಳೆಸಿ ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ವೈರಸ್. ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, 6ರಿಂದ 9 ತಿಂಗಳಿಗೆ ಬೂಸ್ಟರ್, ಮುಂದೆ ಐದು ವರ್ಷ ಪ್ರತಿವರ್ಷ ಒಂದೊಂದು. 2005ರಿಂದ 2010ರ ಅಂಕಿಅಂಶ ನೋಡಿದ ಅಧ್ಯಯನದಲ್ಲಿ ಎರಡು ಡೋಸ್ ಪಡೆದವರಿಗೆ ಶೇ 62.4, ಬೂಸ್ಟರ್ ಸೇರಿದರೆ ಶೇ 82.9 ರಕ್ಷಣೆ. ಒಂದೇ ಡೋಸಿನಿಂದ ಲಾಭವಿಲ್ಲ. ಚುಚ್ಚಿದ ಜಾಗ ವಿಪರೀತ ನೋಯುತ್ತಿತ್ತು, ಕೂಲಿಗೆ ಹೋಗುವವರು ಎರಡನೇ ಸಲ ತೋಳು ಕೊಡಲು ಹಿಂಜರಿಯುತ್ತಿದ್ದರು. ಇಷ್ಟು ಡೋಸ್ ಕೇಳುವ ಲಸಿಕೆ ಕಾಡಂಚಿನ ಊರಿನಲ್ಲಿ ಪೂರ್ತಿ ಆಗೋದು ಹೇಗೆ? ಕೊನೆಗೆ ಸಾಮರ್ಥ್ಯ ಪರೀಕ್ಷೆಯಲ್ಲಿ ಸೋತು 2022ರಲ್ಲಿ ನಿಂತೇಹೋಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಲಸಿಕೆ ತಯಾರಿಸುವ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಕಂಪನಿ ಹೊಸ ಲಸಿಕೆ ಕೈಗೆತ್ತಿಕೊಂಡಿವೆ. ಕಾಯಿಲೆ ಕಂಡು ಆರು ದಶಕ ದಾಟಿದ ಮೇಲೆ.

ಲಸಿಕೆ ಇಲ್ಲದಾಗ ಉಳಿದಿರೋದು ಡೆಪಾ ಎಣ್ಣೆ, ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ರೂಪಿಸಿದ ಉಣುಗು ನಿವಾರಕ. ಕಾಡಿಗೆ ಹೋಗುವ ಮುಂಚೆ ಕೈಕಾಲು, ಕುತ್ತಿಗೆಗೆ ಹಚ್ಚಬೇಕು, ತುಂಬುತೋಳಿನ ಬಟ್ಟೆ ಹಾಕಬೇಕು, ಬಂದ ಮೇಲೆ ಬಿಸಿನೀರು-ಸೋಪಿನಲ್ಲಿ ಮೈ ತೊಳೆದು ಬಟ್ಟೆಯನ್ನೂ ಬಿಸಿನೀರಿಗೆ ಹಾಕಬೇಕು. ಎಣ್ಣೆ ಹಂಚಿದ ಲೆಕ್ಕ ಕಾಗದದಲ್ಲಿ ಚೆನ್ನಾಗಿ ಕಾಣುತ್ತದೆ. ಬೆವರಿದ ಮೇಲೆ ಮತ್ತೆ ಹಚ್ಚಿದರಾ ಅನ್ನೋದು ಆ ಲೆಕ್ಕದಲ್ಲಿ ಬರೋದಿಲ್ಲ.

ಉತ್ತರದ ಕೊನೆಗೆ 'ಇಲಾಖೆಗಳ ನಡುವೆ ಸಮನ್ವಯ ಅಗತ್ಯ' ಅಂತ ಬರೆದು ಕೈ ತೊಳೆದುಕೊಳ್ಳಬೇಡಿ. ಒಂದು ಸತ್ತ ಮಂಗದ ದಾರಿ ಬರೆಯಿರಿ. ಊರವರು ಕಂಡಿದ್ದನ್ನು ಅರಣ್ಯ ಇಲಾಖೆಗೆ ತಿಳಿಸುತ್ತಾರೆ, ಪಶುವೈದ್ಯರು ಮರಣೋತ್ತರ ಪರೀಕ್ಷೆ ಮಾಡಿ ಅಂಗಾಂಶದ ಸ್ಯಾಂಪಲ್ ತೆಗೆಯುತ್ತಾರೆ, ದೇಹ ಸುಡುತ್ತಾರೆ, ಲ್ಯಾಬಿನ ವರದಿ ಆರೋಗ್ಯ ಇಲಾಖೆಗೆ ಬರುತ್ತದೆ, ಆಶಾ ಕಾರ್ಯಕರ್ತೆಯರು ಆ ಊರಿನಲ್ಲಿ ಜ್ವರದವರನ್ನು ಹುಡುಕುತ್ತಾರೆ. ಮೂರು ಇಲಾಖೆ, ಮೂರು ಕಡತ. ಯಾವುದೋ ಒಂದು ಮೇಜಿನ ಮೇಲೆ ಎರಡು ದಿನ ತಡವಾದರೆ, ಆ ಎರಡು ದಿನವೂ ಜನ ಅದೇ ಜಾಗದಲ್ಲಿ ತರಗೆಲೆ ಗುಡಿಸುತ್ತಿರುತ್ತಾರೆ. ಒನ್ ಹೆಲ್ತ್, ಅಂದರೆ ಮನುಷ್ಯ, ಪ್ರಾಣಿ, ಪರಿಸರದ ಆರೋಗ್ಯವನ್ನು ಒಟ್ಟಿಗೇ ನೋಡುವ ದೃಷ್ಟಿ, ಇದರ ಬಗ್ಗೆ ಪ್ರಶ್ನೆ ಬಂದರೆ ನಾಗಪುರದ ಒನ್ ಹೆಲ್ತ್ ಸಂಸ್ಥೆಯ ಹೆಸರನ್ನು ಇದಾದ ಮೇಲೆ ಬರೆಯಿರಿ, ಮೊದಲೇ ಬೇಡ.