ಒಂದು ಲೇಖನದ ಜಾತಕ

ಗ್ರಂಥಪಾಲಕ ಮಿತ್ರರೇ, ಅಧ್ಯಾಪಕ ಬಂಧುಗಳೇ,

ಹೊಸ ವಿದ್ಯಾರ್ಥಿಗಳು ಬಂದಾಗ ನಮಗೆ ಸಿಗುವುದು ಒಂದು ಗಂಟೆ. ಅಷ್ಟರಲ್ಲೇ ಕ್ಯಾಟಲಾಗ್ ತೋರಿಸುತ್ತೇವೆ, ಡೇಟಾಬೇಸಿನ ಲಾಗಿನ್ ಹೇಳಿಕೊಡುತ್ತೇವೆ, ಎರಡು ಪದಗಳ ನಡುವೆ ‘ಆ್ಯಂಡ್’ ಹಾಕಿದರೆ ಏನಾಗುತ್ತದೆ, ‘ಆರ್’ ಹಾಕಿದರೆ ಏನಾಗುತ್ತದೆ ಎಂದು ವಿವರಿಸುತ್ತೇವೆ. ನಾನೂ ವರ್ಷಗಟ್ಟಲೆ ಇದನ್ನೇ ಮಾಡಿದೆ. ಆ ಗಂಟೆಯನ್ನು ಕೇಳಿ ಹೋದ ವಿದ್ಯಾರ್ಥಿಯೇ ಕೆಲವು ವಾರಗಳ ನಂತರ ಬಂದು, “ಪ್ರಬಂಧ ಬರೆದು ಮುಗಿಸಿದ್ದೇನೆ, ಇದಕ್ಕೆ ಹೊಂದುವ ಐದು ಉಲ್ಲೇಖ ಬೇಕು” ಎಂದು ಕೇಳುತ್ತಾನೆ. ತೀರ್ಮಾನ ಮೊದಲು, ಆಧಾರ ಆಮೇಲೆ! ಹುಡುಕುವುದು ಹೇಗೆಂದು ಅವನಿಗೆ ಕಲಿಸಿದ್ದೆ; ಓದಿದ್ದರಿಂದ ತನ್ನ ಅಭಿಪ್ರಾಯವೇ ಬದಲಾಗಬಹುದು ಎಂಬುದನ್ನು ಕಲಿಸಿರಲಿಲ್ಲ.

‘ಮಾಹಿತಿ ಸಾಕ್ಷರತೆ’ ಎಂಬ ಮಾತನ್ನು ಅಮೆರಿಕದ ಮಾಹಿತಿ ಉದ್ಯಮದ ಸಂಘದ ಅಧ್ಯಕ್ಷರಾಗಿದ್ದ ಪಾಲ್ ಝುರ್ಕೋವ್‌ಸ್ಕಿ 1974ರಲ್ಲಿ ಬಳಕೆಗೆ ತಂದರು. ಆಗ ಅದರ ಅರ್ಥ ಹೆಚ್ಚಾಗಿ ಕೆಲಸಕ್ಕೆ ಬೇಕಾದ ಮಾಹಿತಿಯನ್ನು ಬಳಸಿಕೊಳ್ಳುವ ಕೌಶಲ ಎಂದಿತ್ತು. ಅಮೆರಿಕದ ಕಾಲೇಜು ಮತ್ತು ಸಂಶೋಧನಾ ಗ್ರಂಥಾಲಯಗಳ ಸಂಘ 2000ದಲ್ಲಿ ಈ ಸಾಕ್ಷರತೆಯ ಮಾನದಂಡಗಳ ದೊಡ್ಡ ಪಟ್ಟಿಯನ್ನೇ ಹೊರಡಿಸಿತು. 2016ರಲ್ಲಿ ಆ ಪಟ್ಟಿಯನ್ನು ಕೈಬಿಟ್ಟು, ಆರು ಪರಿಕಲ್ಪನೆಗಳ ಚೌಕಟ್ಟನ್ನು ಒಪ್ಪಿಕೊಂಡಿತು. ಆರನ್ನೂ ಒಂದೇ ತರಗತಿಯಲ್ಲಿ ಹೇಳಹೊರಟರೆ ಅದೂ ಇನ್ನೊಂದು ಪಟ್ಟಿಯಾಗುತ್ತದೆ. ನಾನು ಎರಡನ್ನು ಮಾತ್ರ ಆರಿಸಿಕೊಂಡಿದ್ದೇನೆ. ವಿದ್ವತ್ತು ಎಂಬುದು ನಡೆಯುತ್ತಿರುವ ಸಂವಾದ ಎನ್ನುವುದು ಒಂದು. ಯಾರ ಮಾತಿಗೆ ಎಷ್ಟು ತೂಕ ಎಂಬುದು ಸಂದರ್ಭವನ್ನು ಅವಲಂಬಿಸಿದೆ ಎನ್ನುವುದು ಇನ್ನೊಂದು.

ಇವನ್ನು ವ್ಯಾಖ್ಯಾನ ಕೊಟ್ಟು ಕಲಿಸಲಾಗದು. ಹಾಗಾಗಿ ಇಡೀ ತರಗತಿಗೆ ಒಂದೇ ಲೇಖನ ಕೊಟ್ಟು ಅದರ ಜಾತಕ ಬಿಡಿಸಲು ಹೇಳುತ್ತೇನೆ. ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ 1998ರಲ್ಲಿ ಪ್ರಕಟವಾದ ಲೇಖನವದು. ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಸಂಗಡಿಗರು ಕೇವಲ 12 ಮಕ್ಕಳನ್ನು ನೋಡಿ, ದಡಾರ, ಮಂಗನಬಾವು ಮತ್ತು ರುಬೆಲ್ಲಾ ಲಸಿಕೆಗೂ ಆಟಿಸಂಗೂ ನಂಟಿರಬಹುದೆಂಬ ಸಂಶಯ ಹುಟ್ಟಿಸಿದರು. ಯಾವ ಲೇಖನವೆಂದು ಮೊದಲೇ ಹೇಳುವುದಿಲ್ಲ. ಲೇಖಕರ ಹೆಸರು ಮತ್ತು ವರ್ಷವನ್ನು ಮುಚ್ಚಿದ ಪ್ರತಿ ಕೊಟ್ಟು, “ಇದನ್ನು ನಂಬಬಹುದೇ?” ಎಂದು ಕೇಳುತ್ತೇನೆ. ಹೆಚ್ಚಿನವರು ನಂಬಬಹುದು ಎನ್ನುತ್ತಾರೆ. ಪ್ರತಿಷ್ಠಿತ ಪತ್ರಿಕೆ, ವೈದ್ಯರೇ ಲೇಖಕರು, ಪ್ರಕಟಣೆಗೆ ಮುನ್ನ ತಜ್ಞರ ಪರಿಶೀಲನೆ: ನಾವು ಕಲಿಸಿದ ಲಕ್ಷಣಗಳೆಲ್ಲ ಅದರಲ್ಲಿವೆ.

ಆಮೇಲೆ ಹೆಸರು, ವರ್ಷ ಕೊಡುತ್ತೇನೆ. ಮುಂದಿನದನ್ನು ಅವರೇ ಹುಡುಕಬೇಕು. 2004ರಲ್ಲಿ ಸಹಲೇಖಕರ ಪೈಕಿ ಹತ್ತು ಮಂದಿ ಆ ವ್ಯಾಖ್ಯಾನದಿಂದ ಹಿಂದೆ ಸರಿದದ್ದು, 2010ರಲ್ಲಿ ಪತ್ರಿಕೆಯೇ ಲೇಖನವನ್ನು ಹಿಂತೆಗೆದುಕೊಂಡದ್ದು ಒಂದೊಂದಾಗಿ ಹೊರಬರುತ್ತವೆ. ಅದರ ಹುಳುಕನ್ನು ಹೊರಗೆಳೆದವರು ಯಾರು ಎಂದು ಕೇಳಿದಾಗ ತರಗತಿ ಒಂದು ಕ್ಷಣ ತಬ್ಬಿಬ್ಬಾಗುತ್ತದೆ. ಅವರು ವಿಜ್ಞಾನಿಯಲ್ಲ, ಬ್ರಿಯನ್ ಡೀರ್ ಎಂಬ ಪತ್ರಕರ್ತರು. ಹಾಗಾದರೆ ‘ಸಂಶೋಧನಾ ಲೇಖನ ಮೇಲು, ವೃತ್ತಪತ್ರಿಕೆ ಕೀಳು’ ಎಂದು ನಾವೇ ಗೋಡೆಗೆ ಅಂಟಿಸಿದ ಭಿತ್ತಿಪತ್ರ ಏನಾಯಿತು? ಈ ಪ್ರಶ್ನೆಗೆ ನಾನು ಅವಸರದಿಂದ ಉತ್ತರ ಕೊಡುವುದಿಲ್ಲ. ಮಕ್ಕಳ ದಾಖಲೆಗಳನ್ನು ಮೂಲದವರೆಗೆ ಹೋಗಿ ನೋಡಬೇಕಾದ ಕೆಲಸದಲ್ಲಿ ಪತ್ರಕರ್ತನ ಪರಿಣತಿ ದೊಡ್ಡದು. ಲಸಿಕೆ ಸುರಕ್ಷಿತವೇ ಎಂದು ತೀರ್ಮಾನಿಸುವಲ್ಲಿ ಲಕ್ಷಾಂತರ ಮಕ್ಕಳನ್ನು ಅಭ್ಯಸಿಸಿದ ಸಂಶೋಧಕರ ಮಾತು ದೊಡ್ಡದು. ಇಷ್ಟನ್ನು ವಿದ್ಯಾರ್ಥಿಗಳೇ ವಾದ ಮಾಡಿ ಕಂಡುಕೊಳ್ಳುತ್ತಾರೆ.

ಇನ್ನೊಂದು ಹೆಜ್ಜೆಯಿದೆ. ಆ ಲೇಖನವನ್ನು ಎಷ್ಟು ಜನ ಉಲ್ಲೇಖಿಸಿದ್ದಾರೆ ಎಂದು ನೋಡಲು ಹೇಳುತ್ತೇನೆ. ದೊಡ್ಡ ಸಂಖ್ಯೆ ಕಂಡು ಅವರಿಗೆ ಗೊಂದಲವಾಗುತ್ತದೆ. ಉಲ್ಲೇಖಿಸಿದ ಹತ್ತು ಲೇಖನಗಳನ್ನು ತೆರೆದು ಆ ವಾಕ್ಯವನ್ನಷ್ಟೇ ಓದಿದಾಗ, ಬಹುಪಾಲು ಉಲ್ಲೇಖಗಳು ಅದನ್ನು ಅಲ್ಲಗಳೆಯಲೆಂದೇ ಬಂದಿವೆ ಎಂಬುದು ತಿಳಿಯುತ್ತದೆ. ಉಲ್ಲೇಖವೆಂದರೆ ಯಾರಿಗೋ ಯಾರೋ ಕೊಟ್ಟ ಉತ್ತರ ಎಂದು ಅರಿವಾಗುವುದು ಆ ಹೊತ್ತಿಗೆ. ನನ್ನ ಪಾಲಿಗೆ ಇಡೀ ವರ್ಷದ ಕೆಲಸಕ್ಕೆ ಅದೊಂದು ಗಳಿಗೆ ಸಾಕು.

ಜಾಲತಾಣಗಳ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 10 ಇತಿಹಾಸಕಾರರು, 10 ಫ್ಯಾಕ್ಟ್‌ಚೆಕ್ ಮಾಡುವ ವೃತ್ತಿಪರರು ಮತ್ತು 25 ವಿದ್ಯಾರ್ಥಿಗಳಿಗೆ ಕೆಲವು ತಾಣಗಳನ್ನು ತೋರಿಸಿ ಗಮನಿಸಿದರು. ಇತಿಹಾಸಕಾರರೂ ವಿದ್ಯಾರ್ಥಿಗಳೂ ಎದುರಿನ ಪುಟವನ್ನೇ ಮೇಲಿನಿಂದ ಕೆಳಗೆ ಓದುತ್ತ, ಅಚ್ಚುಕಟ್ಟಾದ ಲಾಂಛನಕ್ಕೆ ಹಲವು ಬಾರಿ ಮರುಳಾದರು. ಫ್ಯಾಕ್ಟ್‌ಚೆಕ್ ಮಾಡುವವರು ಪುಟವನ್ನು ಬೇಗನೆ ಬಿಟ್ಟು, ಹೊಸ ಟ್ಯಾಬ್‌ಗಳಲ್ಲಿ ಆ ಸಂಸ್ಥೆಯ ಬಗ್ಗೆ ಬೇರೆಯವರು ಏನು ಹೇಳುತ್ತಾರೆಂದು ನೋಡಿದರು. ಇದನ್ನೇ ‘ಪಕ್ಕಕ್ಕೆ ಸರಿದು ಓದುವುದು’ ಎನ್ನುತ್ತಾರೆ. ‘ನಮ್ಮ ಬಗ್ಗೆ’ ಪುಟವನ್ನು ಗಮನವಿಟ್ಟು ಓದಿ ಎಂದು ನಾವು ವರ್ಷಗಳ ಕಾಲ ಕಲಿಸಿದ್ದಕ್ಕೆ ಇದು ನೇರ ವಿರುದ್ಧ. ಹಳೆಯ ಪಾಠವನ್ನು ಧೈರ್ಯವಾಗಿ ಬಿಡಬೇಕು.

ಈ ಪಾಠಗಳಿಗೆ ಅಧ್ಯಾಪಕರ ನೆರವು ಬೇಕೇಬೇಕು. ‘ಕನಿಷ್ಠ ಐದು ಆಕರಗಳಿರಲಿ’ ಎಂಬ ಅಸೈನ್‌ಮೆಂಟ್ ಇರುವವರೆಗೆ ವಿದ್ಯಾರ್ಥಿ ಐದನ್ನು ಎಣಿಸಿ ನಿಲ್ಲಿಸುತ್ತಾನೆ. ಅದರ ಬದಲು, ಯಾವ ಆಕರವನ್ನು ಕೈಬಿಟ್ಟೆ, ಏಕೆ ಕೈಬಿಟ್ಟೆ, ಓದುತ್ತ ಹೋದಂತೆ ನನ್ನ ಪ್ರಶ್ನೆ ಹೇಗೆ ಬದಲಾಯಿತು ಎಂದು ಒಂದು ಪುಟ ಬರೆಯಿಸಿ, ಅದಕ್ಕೂ ಅಂಕ ಕೊಡಿ. “ಓದುಗನ ಸಮಯ ಉಳಿಸು” ಎಂಬ, ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ರಂಗನಾಥನ್ ಅವರ ಸೂತ್ರವನ್ನು ನಾನು ಗೌರವಿಸುತ್ತೇನೆ. ಆದರೆ ಯೋಚಿಸುವುದಕ್ಕೆ ಬೇಕಾದ ಸಮಯವನ್ನು ಉಳಿಸಹೋದರೆ ಅದು ಕಸಿದುಕೊಂಡಂತೆ.

ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್‌ಗಳು ಇಲ್ಲದ ಲೇಖನಕ್ಕೆ ಇರುವ ಪತ್ರಿಕೆಯ ಹೆಸರು ಅಂಟಿಸಿ ಕೊಡಬಲ್ಲವು. ಚಾಟ್‌ಬಾಟ್ ಕೊಟ್ಟ, ಅಸ್ತಿತ್ವದಲ್ಲೇ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ್ದಕ್ಕೆ 2023ರಲ್ಲಿ ನ್ಯೂಯಾರ್ಕಿನ ವಕೀಲರಿಗೆ ನ್ಯಾಯಾಲಯ 5,000 ಡಾಲರ್ ದಂಡ ಹಾಕಿತು. ಇದರ ಬಗ್ಗೆ ಭಾಷಣ ಮಾಡುವುದಕ್ಕಿಂತ ಕೈಯಾರೆ ಮಾಡಿ ನೋಡುವುದು ಮೇಲು. ನಿಮಗೆ ಹಂಚಿರುವ ಹಾಳೆಯಲ್ಲಿ ಆರು ಉಲ್ಲೇಖಗಳಿವೆ. ಎರಡು ಲೇಖನಗಳು ಎಲ್ಲಿಯೂ ಇಲ್ಲ. ಒಂದು ಇದೆ, ಆದರೆ ಪತ್ರಿಕೆ ಅದನ್ನು ಹಿಂತೆಗೆದುಕೊಂಡಿದೆ. ಇಬ್ಬಿಬ್ಬರು ಜೊತೆಯಾಗಿ, ಹತ್ತು ನಿಮಿಷದಲ್ಲಿ ಆ ಮೂರನ್ನು ಪತ್ತೆ ಮಾಡಿ. ಉತ್ತರದ ಜೊತೆಗೆ ನೀವು ಇಟ್ಟ ಹೆಜ್ಜೆಗಳನ್ನೂ ಬರೆದಿಡಿ, ಮಾತು ಮುಂದುವರಿಸುವುದು ಅವುಗಳಿಂದಲೇ.