ಆರ್ಡರ್ ತಿರುಗಿ ಹೇಳಿ

ಎಲ್ಲರಿಗೂ ನಮಸ್ಕಾರ. 1986ರ ಡಿಸೆಂಬರ್ 24ರಂದು ಗ್ರಾಹಕ ರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು, ಅದಕ್ಕೇ ಇವತ್ತು ಗ್ರಾಹಕರ ದಿನ. ಅದೆಲ್ಲ ನಿಮಗೆ ಗೊತ್ತಿದೆ. ತೂಕ, ಬಿಲ್ಲು, ವಾರಂಟಿ ಬಗ್ಗೆ ಬೇರೆಯವರು ಹೇಳುತ್ತಾರೆ. ನಾನು ಒಂದು ಸ್ಯಾಂಡ್‌ವಿಚ್ ಬಗ್ಗೆ ಮಾತಾಡಬೇಕು.

ಕುವೆಂಪುನಗರದ ಒಂದು ಅಂಗಡಿ. ನನ್ನ ತಂಗಿಯ ಮಗನಿಗೆ ಕಡಲೆಬೀಜ ಆಗುವುದಿಲ್ಲ. ತಿಂದರೆ ತುಟಿ ಊದುತ್ತದೆ, ಉಸಿರು ಕಟ್ಟುತ್ತದೆ. ತಂಗಿ ಕೌಂಟರಿನಲ್ಲಿ ಕೇಳಿಯೇ ಕೇಳಿದಳು. ಹಸಿರು ಚಟ್ನಿಗೆ ಕಡಲೆಬೀಜ ಹಾಕುತ್ತೇವೆ ಅಂದರು. "ಹಾಗಾದ್ರೆ ಚಟ್ನಿ ಬೇಡ, ಮಗುವಿಗೆ ಅಲರ್ಜಿ" ಅಂದಳು. ಹುಡುಗ "ಸರಿ ಮೇಡಂ" ಅಂದ. ಸಂಜೆ ಹೊತ್ತು, ಜನವೋ ಜನ. ಸ್ಯಾಂಡ್‌ವಿಚ್ ಬಂತು. ಬ್ರೆಡ್ ಎತ್ತಿ ನೋಡಿದರೆ ಚಟ್ನಿ ಧಾರಾಳವಾಗಿ ಸವರಿದ್ದಾರೆ! ವಾಪಸ್ ಕೊಟ್ಟಳು. ಒಳಗೆ ಹೋದದ್ದು ಕಣ್ಣು ಮಿಟುಕಿಸುವುದರಲ್ಲಿ ಹೊರಗೆ ಬಂತು. ಅಷ್ಟು ಬೇಗ ಹೊಸದು ಆಗುತ್ತದಾ? ಅದೇ ಬ್ರೆಡ್ಡು. ಚಟ್ನಿಯನ್ನು ಚಾಕುವಿನಲ್ಲಿ ಕೆರೆದಿದ್ದರು, ಅಷ್ಟೇ. ಅಂಚಿನಲ್ಲಿ ಹಸಿರು ಹಾಗೇ ಇತ್ತು. ಇಂಥ ಅಲರ್ಜಿ ಇದ್ದವರಿಗೆ ಆ ಅಂಚಿನದ್ದೇ ಸಾಕು, ಆಸ್ಪತ್ರೆಗೆ ಓಡಬೇಕಾಗುತ್ತದೆ. ತಂಗಿ ನೋಡಿದ್ದರಿಂದ ಉಳಿಯಿತು.

ಆ ಹುಡುಗ ಕೆಟ್ಟವನಲ್ಲ. ರಶ್ ಶುರುವಾಗುವ ಮೊದಲೇ ಬ್ರೆಡ್ಡಿಗೆಲ್ಲ ಚಟ್ನಿ ಸವರಿ ಪೇರಿಸಿಟ್ಟಿರುತ್ತಾರೆ. ಬರ್ಗರ್ ಅಂಗಡಿಯಲ್ಲೂ ಇದೇ ಕಥೆ. ಅಡುಗೆಮನೆಯ ಸ್ಕ್ರೀನಿನ ಮೇಲೆ ಬರ್ಗರ್ ಹೆಸರು ದಪ್ಪಗೆ, "ಈರುಳ್ಳಿ ಬೇಡ" ಅನ್ನುವುದು ಅದರ ಕೆಳಗೆ ಸಣ್ಣಗೆ. ಮಾಡುವವನ ಕೈ ಅಭ್ಯಾಸದ ಮೇಲೆ ಓಡುತ್ತದೆ. ಅದಕ್ಕೇ ನಾನು ಹೇಳುವುದು ಒಂದೇ ಮಾತು: ಆರ್ಡರ್ ತಗೊಂಡವರು ಅದನ್ನು ತಿರುಗಿ ಹೇಳಬೇಕು. ಮಂಡಕಳ್ಳಿ ವಿಮಾನ ನಿಲ್ದಾಣದಲ್ಲಿ ಇಳಿಯುವ ಪೈಲಟ್ ಕೂಡ ಟವರಿನವರು ಕೊಟ್ಟ ಸೂಚನೆಯನ್ನು ತಿರುಗಿ ಹೇಳುತ್ತಾನೆ, ಅಲ್ವಾ?

ಅಮೆರಿಕದ ಬರ್ಗರ್ ಕಿಂಗ್ 1974ರಲ್ಲಿ "ನಿಮಗೆ ಬೇಕಾದ ಹಾಗೆ ಮಾಡಿಕೊಡುತ್ತೇವೆ" ಎಂದು ಜಾಹೀರಾತು ಮಾಡಿತು. ನಮ್ಮ ಮೈಸೂರಿಗೆ ಅದೇನು ಹೊಸದು! ಹಳೇ ಹೋಟೆಲಿನ ಸಪ್ಲೈಯರ್ ನೆನಪಿದ್ದಾರಾ? "ಎರಡು ಮಸಾಲೆ, ಒಂದಕ್ಕೆ ಕೆಂಪು ಚಟ್ನಿ ಇಲ್ಲ, ಒಂದು ಕಾಫಿ ಸಕ್ಕರೆ ಕಮ್ಮೀ..." ಎಂದು ಅಡುಗೆಮನೆಗೆ ಕೂಗುತ್ತಿದ್ದರು. ಆ ಕಮ್ಮೀ ಅನ್ನೋ ರಾಗ ಬೀದಿಗೆ ಕೇಳಿಸುತ್ತಿತ್ತು! ತಪ್ಪಿದ್ದರೆ ನಾವು ಕೂತಲ್ಲಿಂದಲೇ "ರೀ, ಎರಡಕ್ಕೂ ಬೇಡ" ಅನ್ನಬಹುದಿತ್ತು. ಟೋಕನ್ ಬಂತು, ಸ್ಕ್ರೀನ್ ಬಂತು, ಆ ಕೂಗು ಹೋಯಿತು. ಜೊತೆಗೆ ನಮ್ಮ ಆರ್ಡರ್ ಸರಿಯಾಗಿ ಒಳಗೆ ಹೋಯಿತಾ ಎಂದು ತಿಳಿಯುವ ದಾರಿಯೂ ಹೋಯಿತು. ತಿರುಗಿ ಹೇಳಿ ಎಂದು ನಾನು ಗೋಗರೆಯುವುದು ಇದಕ್ಕೇ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. 2020ರ ಲೇಬಲಿಂಗ್ ನಿಯಮಗಳ ಪ್ರಕಾರ ದೊಡ್ಡ ಸರಣಿ ಹೋಟೆಲುಗಳು ಅಲರ್ಜಿ ತರುವ ಪದಾರ್ಥಗಳ ಮಾಹಿತಿ ಕೊಡಬೇಕು. ಕೇಳಿ, ಸಂಕೋಚ ಬೇಡ. ನೀವೂ ಅಷ್ಟೇ, ಅಲರ್ಜಿ ಇದ್ದರೆ ಅಲರ್ಜಿ ಎಂದೇ ಹೇಳಿ, ಸುಮ್ನೆ "ಬೇಡ" ಅಂದರೆ ಕೆರೆದು ಕೊಡುತ್ತಾರೆ. ಪಾರ್ಸೆಲ್ ಆದರೆ ಅಲ್ಲೇ ಬಿಚ್ಚಿ ನೋಡಿ. ದೂರು ಇದ್ದರೆ ಗ್ರಾಹಕ ಸಹಾಯವಾಣಿ 1915. ಆ್ಯಪ್ ಆರ್ಡರಿನ ವಿಷಯ ಬಿಟ್ಟೇ ಹೋಯಿತು, ಇರಲಿ.

ಮುಂದಿನ ಸಾಲಿನಲ್ಲಿ ಹೋಟೆಲ್ ಮಾಲೀಕರು ಕೂತಿದ್ದೀರಿ. ನಾಳೆಯಿಂದ ನಿಮ್ಮ ಕೌಂಟರಿನಲ್ಲಿ ಇದನ್ನು ಶುರು ಮಾಡಲು ಏನು ತೊಂದರೆ, ಹೇಳಿ. ಮೈಕ್ ಅವರಿಗೆ ಕೊಡಿ.